ಓದಿದವರ ದೇವರು: ಲ್ಯಾಬಿನಲ್ಲಿ ಒಂದು ಲೆಕ್ಕ, ಮನೆಯಲ್ಲಿ ಇನ್ನೊಂದಾ?

ಗೌರಿಬಿದನೂರು ಮೇಷ್ಟ್ರು:
ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಚಂದ್ರಯಾನ ಹಾರಿಸೋಕೆ ಮುಂಚೆ ಇಸ್ರೋದವರು ಅದರ ಚಿಕ್ಕ ಮಾದರಿ ಹಿಡ್ಕೊಂಡು ತಿರುಪತಿಗೆ ಹೋಗಿದ್ರಲ್ಲ, ಅವರಿಗೆ ಅವರ ಲೆಕ್ಕದ ಮೇಲೇ ನಂಬಿಕೆ ಇರ್ಲಿಲ್ವಾ?" ಕ್ಲಾಸೆಲ್ಲ ನಕ್ಕಿತು. ನಕ್ಕು ಬಿಡುವ ಪ್ರಶ್ನೆ ಅಲ್ಲ ಅದು.

ನಮ್ಮ ತಾಲ್ಲೂಕನ್ನೇ ನೋಡಿ. 1965ರಿಂದ ಇಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರ ಭೂಕಂಪನ ಮಾಪಕಗಳ ಸಾಲು ಇದೆ. ಎಲ್ಲೋ ದೂರದ ದೇಶದವರು ನೆಲದಡಿ ಅಣುಬಾಂಬ್ ಸಿಡಿಸಿದರೆ ಆ ನಡುಕವನ್ನು ಇಲ್ಲಿ ಕೂತು ಗುರುತಿಸುತ್ತಾರೆ. 1976ರಿಂದ ರೇಡಿಯೋ ಟೆಲಿಸ್ಕೋಪ್ ಇದೆ, ಟಿ ಆಕಾರದಲ್ಲಿ ಬಯಲ ತುಂಬ ಕಂಬ, ತಂತಿ. ಪವಾಡಗಳನ್ನು ಪ್ರಶ್ನೆ ಮಾಡಿದ ಎಚ್. ನರಸಿಂಹಯ್ಯನವರು ಇದೇ ತಾಲ್ಲೂಕಿನ ಹೊಸೂರಿನವರು. ಇದೇ ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದರೆ ನಾಗರಕಲ್ಲುಗಳು ಸಾವಿರಾರು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಭಾನುವಾರ ಅಲ್ಲಿ ನಿಲ್ಲುವ ಎಷ್ಟೋ ಕಾರುಗಳ ಗಾಜಿನ ಮೇಲೆ ಬೆಂಗಳೂರಿನ ಐಟಿ ಪಾರ್ಕುಗಳ ಪಾಸ್ ಅಂಟಿರುತ್ತದೆ. ಹೊಸ ಕಲ್ಲುಗಳನ್ನು ನಿಲ್ಲಿಸುತ್ತಿರುವವರು ಓದು ಬಾರದವರಲ್ಲ.

ದೇವರು ಇದ್ದಾನಾ ಇಲ್ವಾ ಅಂತ ನಾನು ಕೇಳುತ್ತಿಲ್ಲ. ಅದು ಇಲ್ಲಿ ಮುಗಿಯುವ ಮಾತಲ್ಲ. ಲೆಕ್ಕ ಗೊತ್ತಿರುವ ನೀವು ಎರಡನ್ನೂ ಹೇಗೆ ಇಟ್ಟುಕೊಂಡಿದ್ದೀರಿ? ನಿಜವಾಗಿ ಏನು ಮಾಡುತ್ತೀರೋ ಅದನ್ನು ಬರೆಯಿರಿ. ಬೈದಾಟ ಬೇಡ.

ಬಾಗೇಪಲ್ಲಿ ಹುಡುಗ:
ಭಯ ಸಾರ್, ಇನ್ನೇನಿಲ್ಲ. ಡಿಗ್ರಿ ಬಂದ ಮೇಲೆ ಭಯಕ್ಕೆ ಒಳ್ಳೊಳ್ಳೆ ಹೆಸರು ಇಡೋದು ಗೊತ್ತಾಗುತ್ತದೆ. ಎನರ್ಜಿ, ವೈಬ್ರೇಷನ್, ಪಾಸಿಟಿವಿಟಿ.

ಎಚ್.ಎನ್. ಹೆಸರು ತೆಗೆದಿರಲ್ಲ. ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಡಾಕ್ಟರೇಟ್ ಮಾಡಿ ಬಂದವರು, ಕೊನೆಯವರೆಗೂ ಖಾದಿ, ಗಾಂಧಿ ಟೋಪಿ, ಹಾಸ್ಟೆಲ್ ರೂಮು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಮುಷ್ಟಿಯಲ್ಲಿ ಬಚ್ಚಿಡಬಹುದಾದ ಉಂಗುರ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ತೋರಿಸಲಿ ಅಂದ ಅವರ ಸವಾಲು ನಮ್ಮ ಕಡೆ ಅಜ್ಜಂದಿರಿಗೂ ಗೊತ್ತು.

ಈಗ ನಮ್ಮ ಆಫೀಸಿಗೆ ಬನ್ನಿ. ಆಯುಧಪೂಜೆ ದಿನ ಸರ್ವರ್ ರ‍್ಯಾಕಿಗೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಎಂಟೆಕ್ ಮಾಡಿದ ಮ್ಯಾನೇಜರ್ ಗೇಟಿನ ಮುಂದೆ ಬೂದುಗುಂಬಳ ಒಡೆದರು, ಕುಂಕುಮ ಬೆರೆತ ತಿರುಳು ರಸ್ತೆ ತುಂಬ. ಸಂಜೆ ಊಟದ ಡೆಲಿವರಿ ಹುಡುಗ ಅದರ ಮೇಲೆ ಸ್ಕೂಟರ್ ಸಮೇತ ಜಾರಿ ಮೊಣಕೈ ಕಿತ್ತುಕೊಂಡ. ಎಚ್.ಎನ್. ಕೇಳಿದ ಕುಂಬಳಕಾಯಿ ಕೊನೆಗೂ ಬಂತು ಸಾರ್!

ನಂದಿ ತಪ್ಪಲು:
ತಮ್ಮಾ, ತಿರುಳು ಗುಡಿಸದೇ ಬಿಟ್ಟಿದ್ದು ತಪ್ಪು. ಅದನ್ನು ದೇವರ ತಲೆಗೆ ಕಟ್ಟಬೇಡ.

ನಾನು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವನು. ಬೆಳಿಗ್ಗೆ ಸಂಧ್ಯಾವಂದನೆ, ಹತ್ತು ಗಂಟೆಗೆ ಸಾಲದ ಅರ್ಜಿಗಳು. ಯಾರ ಜಾತಕ ನೋಡಿಯೂ ಸಾಲ ಕೊಟ್ಟಿಲ್ಲ. ಪಹಣಿ, ಆದಾಯ, ಹಳೇ ಬಾಕಿ ನೋಡಿ ಕೊಟ್ಟಿದ್ದೇನೆ. ಎರಡೂ ಒಂದೇ ತಲೆಯಲ್ಲಿ ಜಗಳ ಇಲ್ಲದೆ ಇವೆ, ಯಾಕೆಂದರೆ ಎರಡರ ಕೆಲಸವೇ ಬೇರೆ.

ನಂಬಿಕೆ ಇದ್ದವರ ಬುದ್ಧಿ ಮಂಕು ಎನ್ನುವ ಧಾಟಿ ಮಾತ್ರ ನನಗೆ ಆಗಿಬರಲ್ಲ. 1979ರಲ್ಲಿ ಭೌತಶಾಸ್ತ್ರದ ನೊಬೆಲ್ ಗ್ಲಾಶೋ, ಸಲಾಂ, ವೈನ್‌ಬರ್ಗ್ ಮೂವರಿಗೆ ಬಂತು. ಅಬ್ದುಸ್ ಸಲಾಂ ದೇವರಲ್ಲಿ ಗಟ್ಟಿ ನಂಬಿಕೆ ಇದ್ದವರು. ಸ್ಟಾಕ್‌ಹೋಮಿನ ಔತಣದ ಭಾಷಣದಲ್ಲೇ ಕುರಾನಿನ ಸಾಲು ಹೇಳಿದರು. ವೈನ್‌ಬರ್ಗ್ ಬಹಿರಂಗವಾಗಿ ನಾಸ್ತಿಕ. ಇಬ್ಬರೂ ಬೇರೆ ಬೇರೆ ಕೂತು ಒಂದೇ ಸಿದ್ಧಾಂತಕ್ಕೆ ಬಂದರು. ನಂಬಿಕೆ ಸಲಾಂ ಅವರ ಲೆಕ್ಕವನ್ನು ಕೆಡಿಸಲಿಲ್ಲ, ಇಲ್ಲದಿರುವುದು ವೈನ್‌ಬರ್ಗ್ ಲೆಕ್ಕವನ್ನು ಮೇಲೆತ್ತಲೂ ಇಲ್ಲ.

ಗೌರಿಬಿದನೂರು ಮೇಷ್ಟ್ರು:
ಯಜಮಾನರೇ, ಒಳ್ಳೆ ಉದಾಹರಣೆ. ಅದಕ್ಕೆ ಜೊತೆಯಾಗಿ ಜಾರ್ಜ್ ಲೆಮೆತ್ರ್. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದವರು. ಮುಂದೆ 1951ರಲ್ಲಿ ಪೋಪ್ ಅದನ್ನೇ ಸೃಷ್ಟಿಕರ್ತನಿಗೆ ಸಾಕ್ಷಿ ಎನ್ನುವ ಹಾಗೆ ಮಾತಾಡಿದಾಗ ಲೆಮೆತ್ರ್‌ಗೆ ಇರುಸುಮುರುಸಾಯಿತು. ಅವರ ಪ್ರಕಾರ ತಮ್ಮ ಸಿದ್ಧಾಂತಕ್ಕೂ ದೇವರ ವಿಚಾರಕ್ಕೂ ಸಂಬಂಧ ಇಲ್ಲ. ತಮ್ಮ ದೇವರಿಗೆ ತಮ್ಮದೇ ಲೆಕ್ಕದ ಆಸರೆ ಬೇಡ ಎಂದ ಪಾದ್ರಿ! ನನಗೆ ಇದು ಬಹಳ ಇಷ್ಟ.

ಆದರೆ ನಾನು ಆ ಹುಡುಗಿಗೆ ಕೊಟ್ಟ ಉತ್ತರ ಬೇರೆ. ಇಸ್ರೋದವರು ಕೈ ಮುಗಿದದ್ದನ್ನು ಬಿಡಮ್ಮ, ಬಿದ್ದಾಗ ಏನು ಮಾಡಿದರು ನೋಡು ಅಂದೆ. 2019ರಲ್ಲೂ ದೇವಸ್ಥಾನಕ್ಕೆ ಹೋಗಿದ್ದರು. ಆದರೂ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಇಳಿಯುವ ನೌಕೆ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ಪೂಜೆಯಲ್ಲಿ ಏನೋ ಲೋಪ ಆಯ್ತು ಅಂತ ಯಾರಾದರೂ ಅಂದರಾ? ಇಂಜಿನ್ ಎಷ್ಟು ಜಾಸ್ತಿ ತಳ್ಳಿತು, ಸಾಫ್ಟ್‌ವೇರ್ ಎಲ್ಲಿ ತಡವರಿಸಿತು ಅಂತ ಕೂತು ಬಿಡಿಸಿದರು. ಮುಂದಿನ ಸಲ ಕಾಲು ಗಟ್ಟಿ ಮಾಡಿದರು, ಇಂಧನ ಜಾಸ್ತಿ ತುಂಬಿದರು, ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು.

ಕೈ ಮುಗಿಯೋದು ಹಾರಿಸುವ ಮುಂಚೆ. ಬಿದ್ದ ಮೇಲೆ ಕಾರಣ ಹುಡುಕುವ ಕೋಣೆಗೆ ದೇವರನ್ನು ಕರೆಯಲ್ಲ. ಓದಿದವರ ನಂಬಿಕೆಯನ್ನು ಅಳೆಯೋಕೆ ನನಗೆ ಕಾಣುವುದು ಇದೊಂದೇ.

ಬಾಗೇಪಲ್ಲಿ ಹುಡುಗ:
ಒಪ್ಪಿದೆ ಅಂತ ಬರೆಯೋಕೆ ಕೈ ಬರ್ತಿಲ್ಲ. ಆದರೆ ಒಪ್ಪಿದೆ.

ಲ್ಯಾಬ್ ಅಕ್ಕ:
ಮೇಷ್ಟ್ರೇ, ನಿಮ್ಮ ಅಳತೆ ಇಟ್ಟುಕೊಂಡು ನಮ್ಮ ಕಡೆ ಬನ್ನಿ, ಎಲ್ಲ ತಲೆಕೆಳಗು. ನಾನು ಚಿಕ್ಕಬಳ್ಳಾಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಕ್ಕಳಾಗಲಿಲ್ಲ ಅಂತ ಬರುವ ದಂಪತಿ ದಿನಾ ಇರುತ್ತಾರೆ. ಇವರು ಕಾರಣ ಹುಡುಕುವ ಕೋಣೆಗೇ ಮೊದಲು ದೇವರನ್ನು ಕರೆಯುತ್ತಾರೆ.

ಒಂದು ಫೈಲ್ ಹೇಗಿರುತ್ತದೆ ಹೇಳುತ್ತೇನೆ. ರಟ್ಟಿನ ಮೂಲೆಯಲ್ಲಿ ಕುಂಕುಮ. ಒಳಗೆ ಹೆಂಡತಿಯ ಥೈರಾಯ್ಡ್, ಎಎಂಎಚ್ (ಅಂಡಾಣು ಎಷ್ಟು ಉಳಿದಿದೆ ಅಂತ ನೋಡುವ ರಕ್ತಪರೀಕ್ಷೆ), ಸ್ಕ್ಯಾನಿಂಗ್, ಟ್ಯೂಬ್ ಎಕ್ಸ್‌ರೇ. ಅದೂ ಒಂದೊಂದು ಎರಡೆರಡು ಸಲ, ಬೇರೆ ಬೇರೆ ಊರಿನ ಲ್ಯಾಬುಗಳದ್ದು. ನಡುವೆ ಮಡಚಿಟ್ಟ ಜಾತಕದ ಜೆರಾಕ್ಸ್, ಅದರಲ್ಲಿ ಪೆನ್ನಿನಿಂದ ಗುಂಡಗೆ ಸುತ್ತಿದ ರಾಹು. ಅದಾದ ಮೇಲೆ ನಾಗಪ್ರತಿಷ್ಠೆಯ ಖರ್ಚಿನ ಚೀಟಿ. ಗಂಡನ ಹೆಸರಿನಲ್ಲಿ ಒಂದೇ ಒಂದು ರಿಪೋರ್ಟ್ ಇರಲ್ಲ. ಗಂಡ ಯಾರು ಅಂದರೆ ಇಂಜಿನಿಯರ್ರು, ಲೆಕ್ಚರರ್ರು, ಒಮ್ಮೊಮ್ಮೆ ಎಂಬಿಬಿಎಸ್ಸು.

ಮಗು ಆಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನದೂ ಪಾಲಿರುತ್ತದೆ. ವೀರ್ಯ ಪರೀಕ್ಷೆ ಸುಲಭ, ಅಗ್ಗ. ಎರಡರಿಂದ ಏಳು ದಿನ ವೀರ್ಯ ಹೊರಹೋಗದ ಹಾಗೆ ಇದ್ದು ಒಂದು ಸ್ಯಾಂಪಲ್ ಕೊಟ್ಟರೆ ಮುಗೀತು. ಸೂಜಿ ಚುಚ್ಚಲ್ಲ, ಹೊಟ್ಟೆಗೆ ಬಣ್ಣ ಬಿಡಲ್ಲ. ಡಬ್ಬಿ ಕೈಗೆ ಕೊಟ್ಟರೆ ಆ ಮುಖ ನೋಡಬೇಕು ನೀವು. "ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲ ಸಿಸ್ಟರ್" ಅಂತಾರೆ.

ನಾಗರಕಲ್ಲಿಗೆ ನನ್ನ ವಿರೋಧ ಇಲ್ಲ. ನಮ್ಮಮ್ಮ ನಾಗರಪಂಚಮಿಗೆ ತನಿ ಎರೆಯುವಾಗ ನಾನೇ ಹಾಲಿನ ಚೊಂಬು ಹಿಡಿದುಕೊಂಡು ಹೋಗುತ್ತೇನೆ. ನಾಗದೋಷ ಅಂತ ಒಂದು ಹೆಸರು ಸಿಕ್ಕಿದ ತಕ್ಷಣ ಗಂಡ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಾನಲ್ಲ, ನನ್ನ ತಕರಾರು ಅಲ್ಲಿ. ವಯಸ್ಸು 35 ದಾಟಿದ ಹೆಂಗಸು ಆರು ತಿಂಗಳು ನೋಡಿ ಡಾಕ್ಟರ ಹತ್ತಿರ ಹೋಗಬೇಕು. ಇವರು ಮಂಡಲ ಪೂಜೆ, ಆಮೇಲೆ ಆಷಾಢ, ಆಮೇಲೆ ಮುಂದಿನ ವರ್ಷ ನೋಡೋಣ ಅಂತ ದೂಡುತ್ತಾರೆ. ಮುಂದೆ ಹೋಗುವುದು ಅವಳ ವಯಸ್ಸು.

ಸುಮ್ನೆ ಓದುವವಳು:
ಅಕ್ಕಾ, ಅದು ನನ್ನದೇ ಫೈಲ್ ಅನ್ನಿಸಿತು. ನನ್ನ ಅತ್ತೆ ರಿಟೈರ್ಡ್ ಹೈಸ್ಕೂಲ್ ಟೀಚರ್, ವಿಜ್ಞಾನದವರು. ಅವರಿಗೆ ದೋಷದ ಮೇಲೆ ಅಷ್ಟೇನೂ ನಂಬಿಕೆ ಇಲ್ಲ ಅಂತ ನನಗೆ ಗೊತ್ತು. ಆದರೆ ನಾಲ್ಕು ಜನ ಕೇಳಿದಾಗ "ಪ್ರತಿಷ್ಠೆ ಮಾಡಿಸಿದ್ದೀವಿ" ಅನ್ನೋಕೆ ಆಗುತ್ತದೆ, "ಮಗನ ಕೌಂಟ್ ಕಮ್ಮಿ" ಅನ್ನೋಕೆ ಆಗಲ್ಲ.

ಲ್ಯಾಬ್ ಅಕ್ಕ:
ಸರಿಯಾಗಿ ಹೇಳಿದೆ ಕಣಮ್ಮ. ನಿಮ್ಮವರನ್ನು ಒಂದು ಸಲ ಕಳಿಸು. ಬೆಳಿಗ್ಗೆ ಬಂದರೆ ಜನ ಕಮ್ಮಿ ಇರುತ್ತಾರೆ.

ನಂದಿ ತಪ್ಪಲು:
ಲ್ಯಾಬ್‌ನ ತಾಯಿ ಹೇಳಿದ್ದು ಓದಿ ಸಂಕಟ ಆಯಿತು. ನಮ್ಮ ಮನೆತನದಲ್ಲೂ ಹೀಗೆ ಆಗಿದೆ. ಆದರೆ ಇದನ್ನು ನಂಬಿಕೆ ಅಂತ ಯಾಕೆ ಕರೆಯುತ್ತೀರಿ? ಇದು ಗಂಡಸಿನ ಒಣಜಂಬ. ದೇವರು ಇಲ್ಲದಿದ್ದರೆ ಇನ್ನೊಂದು ನೆಪ ಹುಡುಕುತ್ತಿದ್ದರು.

ಬಾಗೇಪಲ್ಲಿ ಹುಡುಗ:
ಇನ್ನೊಂದು ನೆಪ ಹುಡುಕಬೇಕಿತ್ತು ತಾತಾ, ಅದೇ ನನ್ನ ಪಾಯಿಂಟ್. ಇದು ರೆಡಿಯಾಗಿ ಸಿಗುತ್ತದೆ. ಕಲ್ಲುನಾಗರಕ್ಕೆ ಹಾಲು, ನಿಜದ ಹಾವಿಗೆ ದೊಣ್ಣೆ ಅಂತ ಬಸವಣ್ಣ 12ನೇ ಶತಮಾನದಲ್ಲೇ ಕೇಳಿ ಆಯಿತು. ಎಂಟು ನೂರು ವರ್ಷ ಕಳೆದರೂ ನಾವು ಕಲ್ಲಿನ ಆರ್ಡರ್ ಕೊಡುತ್ತಾ ಇದ್ದೇವೆ, ಈಗ ಯುಪಿಐನಲ್ಲಿ.

ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನಲ್ಲಿ ಆಗಿದ್ದು ಮರೆತಿರಾ? ಉತ್ಸವದ ದೇವರ ಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಆ ಮನೆಯವರು ದೇವರ ಫೋಟೋ ಇಳಿಸಿ ಅಂಬೇಡ್ಕರ್ ಫೋಟೋ ಹಾಕಿದರು. ಅವರಿಗೆ ಸಲಾಂ, ವೈನ್‌ಬರ್ಗ್ ಇಟ್ಟುಕೊಂಡು ಏನಾಗಬೇಕು? ನಂಬಿಕೆ, ವಿಚಾರ ಎರಡನ್ನೂ ಹೊಂದಿಸಿಕೊಂಡು ನೆಮ್ಮದಿಯಾಗಿ ಇರೋದು ದೇವರ ಹತ್ತಿರ ಹೋಗೋಕೆ ಬಿಟ್ಟವರಿಗೆ ಮಾತ್ರ ಸಾಧ್ಯ.

ನಂದಿ ತಪ್ಪಲು:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಕೊಡೋಕೆ ಹೋಗುವುದೂ ಇಲ್ಲ. ಆ ದಂಡ ಹಾಕಿದವರ ಪರ ನಾನು ಒಂದು ಮಾತೂ ಆಡಲ್ಲ.

ನನ್ನ ಮಟ್ಟಿಗೆ ಹೇಳುತ್ತೇನೆ. ನನ್ನ ಹೆಂಡತಿ ತೀರಿಕೊಂಡು ವರ್ಷಗಳಾದವು. ತಿಥಿ ದಿನ ಪಿಂಡ ಇಟ್ಟು ಕಾಗೆಗೆ ಕಾಯುತ್ತೇನೆ. ಅನ್ನ ಅವಳಿಗೆ ತಲುಪುತ್ತದೆ ಅಂತ ಸಾಬೀತು ಮಾಡು ಅಂದರೆ ಆಗಲ್ಲ. ಮಾಡಬೇಕು ಅಂತಲೂ ಇಲ್ಲ. ಅವಳಿಗೆ ಇಷ್ಟದ ಮೆಂತ್ಯದ ಮಜ್ಜಿಗೆಹುಳಿ ಅವತ್ತು ಮಾಡಿಸುತ್ತೇನೆ. ಇದರಲ್ಲಿ ಯಾವ ಕಾರಣವನ್ನೂ ನಾನು ಹುಡುಕುತ್ತಿಲ್ಲ, ಯಾರಿಗೂ ದಂಡ ಹಾಕುತ್ತಿಲ್ಲ. ಇದನ್ನೂ ನೀನು ಭಯ ಅಂತೀಯಾ?

ಬಾಗೇಪಲ್ಲಿ ಹುಡುಗ:
ಇಲ್ಲ ತಾತಾ. ಅದನ್ನು ಅನ್ನಲ್ಲ.

ಚಿಂತಾಮಣಿ ಫಾರ್ಮಸಿ:
ತಡವಾಗಿ ಬಂದೆ. ನಮ್ಮ ತಾಲ್ಲೂಕಿನ ಮುರುಗಮಲ್ಲ ದರ್ಗಾ ಎಲ್ಲರಿಗೂ ಗೊತ್ತಲ್ಲ, ಹಿಂದೂ, ಮುಸ್ಲಿಂ ಅಂತಿಲ್ಲದೆ ಬರುತ್ತಾರೆ. ಮನಸ್ಸು ಕೆಟ್ಟವರನ್ನು ಕರೆತರುವುದು ಜಾಸ್ತಿ. ಗಾಳಿ, ಸೋಂಕು, ಮಾಟ ಅಂತ. ನಾನು ಐದು ಹೊತ್ತು ನಮಾಜು ಮಾಡುವವನು, ಬಿ.ಫಾರ್ಮ ಓದಿದವನು. ನಮ್ಮಲ್ಲೇ ಈ ಜಗಳ ಜೋರಾಗಿದೆ. ನನ್ನ ತಮ್ಮ ದರ್ಗಾಕ್ಕೆ ಹೋಗುವುದೇ ಧರ್ಮಕ್ಕೆ ವಿರುದ್ಧ ಅನ್ನುತ್ತಾನೆ, ನಮ್ಮ ಅಮ್ಮಿ ಗುರುವಾರ ತಪ್ಪಿಸಲ್ಲ. ಹಾಗಾಗಿ ನಂಬುವವರು ಒಂದು ಕಡೆ, ಪ್ರಶ್ನೆ ಕೇಳುವವರು ಇನ್ನೊಂದು ಕಡೆ ಅಂತ ಗೆರೆ ಎಳೆಯಬೇಡಿ. ನಮ್ಮ ಮನೆಯಲ್ಲಿ ಜಾಸ್ತಿ ಪ್ರಶ್ನೆ ಕೇಳುವವನು ಜಾಸ್ತಿ ನಂಬುವವನೇ.

ಅಂಗಡಿಯಲ್ಲಿ ನಾನು ನೋಡುವುದು ಇಷ್ಟು. ಡಾಕ್ಟರ್ ಬರೆದ ಮಾನಸಿಕ ಕಾಯಿಲೆಯ ಮಾತ್ರೆಯನ್ನು ಒಂದು ವಾರದ್ದು ಕೊಳ್ಳುತ್ತಾರೆ. ಹುಡುಗ ಚೆನ್ನಾಗಿ ನಿದ್ದೆ ಮಾಡಿದ, ಮಾತಾಡಿದ. ತಾಯತದ ಮಹಿಮೆ ಅಂತ ಮಾತ್ರೆ ನಿಲ್ಲಿಸುತ್ತಾರೆ. ಆಮೇಲೆ ಮತ್ತೆ ಕೆಡುತ್ತದೆ. ಆಗ ಮಾತ್ರೆ ಸರಿಯಿಲ್ಲ ಅಂತ ನನ್ನ ಮೇಲೆ ಬರುತ್ತಾರೆ. ವಾಸಿಯಾದರೆ ಪುಣ್ಯ ತಾಯತಕ್ಕೆ, ಕೆಟ್ಟರೆ ಪಾಪ ಮಾತ್ರೆಗೆ!

ತಮಿಳುನಾಡಿನ ಏರವಾಡಿ ದರ್ಗಾದ ಹತ್ತಿರ, ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಕಡೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ಜನ ಓಡೋಕಾಗದೆ ಸತ್ತರು, ಸರಪಳಿ ಹಾಕಿ ಕಟ್ಟಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಈಗ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಇನ್ನೊಂದು ದಾರಿಯೂ ಇದೆ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ದವಾ, ದುವಾ ಎರಡೂ, ಅಂದರೆ ಔಷಧಿ, ಪ್ರಾರ್ಥನೆ ಎರಡೂ ಅಂತ ಶುರು ಮಾಡಿದರು. ದರ್ಗಾ ನೋಡಿಕೊಳ್ಳುವ ಮುಜಾವರರೇ ರೋಗಿಯನ್ನು ಅಲ್ಲೇ ಇರುವ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ನಾನೂ ನಮ್ಮ ಗಿರಾಕಿಗಳಿಗೆ ತಾಯತ ಬಿಚ್ಚಿ ಅನ್ನಲ್ಲ. ತಾಯತ ಕಟ್ಟಿದ ಕೈಯಿಂದಲೇ ಮಾತ್ರೆ ನುಂಗಿಸಿ ಅನ್ನುತ್ತೇನೆ.

ಗೌರಿಬಿದನೂರು ಮೇಷ್ಟ್ರು:
ಭಾಯ್, ಪುಣ್ಯ ಪಾಪದ ಆ ಸಾಲನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ನಮ್ಮ ಸರ್ಕಾರವೂ ಈ ಗೆರೆ ಎಳೆಯೋಕೆ ಹೋಗಿ ತಿಣುಕಿದೆ. 1976ರ ತಿದ್ದುಪಡಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಅಂತ ಸಂವಿಧಾನದಲ್ಲೇ ಸೇರಿತು. ರಾಜ್ಯದ 2017ರ ಮೌಢ್ಯ ವಿರೋಧಿ ಕಾಯ್ದೆ ಮಡೆ ಸ್ನಾನ, ಮಾಟದ ಹೆಸರಿನ ಹಿಂಸೆ ಇಂಥವನ್ನೆಲ್ಲ ನಿಷೇಧಿಸಿತು. ಜ್ಯೋತಿಷ್ಯ, ವಾಸ್ತು ಸಲಹೆಯನ್ನು ಮಾತ್ರ ಹೊರಗಿಟ್ಟಿತು. ಯಾಕೆ ಅಂತ ವಿಧಾನಸೌಧದ ಕಿಟಕಿ ಬಾಗಿಲುಗಳನ್ನು ಕೇಳಿ.

ಶಿಡ್ಲಘಟ್ಟ ರೇಷ್ಮೆ:
ಎಲ್ಲರೂ ದೊಡ್ಡ ದೊಡ್ಡ ವಿಷಯ ಬರೆದಿದ್ದೀರಿ. ನನ್ನದು ತೆಂಗಿನಕಾಯಿ. ಬಿ.ಎಸ್ಸಿ. ಅಗ್ರಿ ಓದಿ ಹಿಪ್ಪುನೇರಳೆ ಬೆಳೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಬೋರ್ 1,000 ಅಡಿ ದಾಟುವುದು ಈಗ ಮಾಮೂಲು. ಕೊರೆಸುವ ಮುಂಚೆ ಪಾಯಿಂಟ್ ಹಾಕಿಸಬೇಕು. ಪಾಯಿಂಟ್ ನೋಡೋರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ. ನೀರಿರುವ ಕಡೆ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದೆ ಅಂತ. ಓ ಪಾಸಿಟಿವ್ ರಕ್ತದವರಿಗೇ ಇದು ಬರುತ್ತದೆ ಅನ್ನುವವರೂ ಇದ್ದಾರೆ, ಅದು ವಿಜ್ಞಾನದ ಪಾಲು!

ಕಾಲೇಜಿನಲ್ಲಿ ನಾನೂ ನಗುತ್ತಿದ್ದೆ. ಈಗ ಸರ್ವೆ ಮಿಷನ್‌ನವರನ್ನೂ ಕರೆಸುತ್ತೇನೆ, ಕಾಯಿಯವರನ್ನೂ ಕರೆಸುತ್ತೇನೆ. ಕೇಸಿಂಗ್ ಸೇರಿ ಒಂದು ಬೋರಿಗೆ ಲಕ್ಷಗಟ್ಟಲೆ ಹೋಗುವಾಗ ಕಾಯಿಯವರಿಗೆ ಕೊಡುವ ದುಡ್ಡು ಯಾವ ಲೆಕ್ಕ? ಎರಡೂ ಒಂದೇ ಜಾಗ ತೋರಿಸಿದರೆ ರಾತ್ರಿ ನಿದ್ದೆ ಬರುತ್ತದೆ. ಮೇಷ್ಟ್ರ ಅಳತೆಗೆ ಹಾಕಿದರೆ ನಾನು ಫೇಲು, ಯಾಕೆಂದರೆ ಬೋರ್ ಫೇಲಾದಾಗ ಕಾಯಿಯವರನ್ನು ಯಾರೂ ಕೇಳಲ್ಲ. "ನಿನ್ನ ಹಣೇಲಿ ಬರೆದಿಲ್ಲ" ಅಂತಾರೆ, ನಾವು ತಲೆ ಆಡಿಸುತ್ತೇವೆ. ಮಿಷನ್‌ನವರಿಗೆ ಮಾತ್ರ ಬೈಗುಳ.

ಗೌರಿಬಿದನೂರು ಮೇಷ್ಟ್ರು:
ನೀವು ಬರೆದದ್ದು ಎಲ್ಲಕ್ಕಿಂತ ದೊಡ್ಡ ವಿಷಯ ರೈತರೇ. ನಮ್ಮದು ಗಟ್ಟಿ ಬಂಡೆಯ ನೆಲ. ನೀರು ಬಂಡೆಯ ಬಿರುಕುಗಳಲ್ಲಿ ಇರುತ್ತದೆ. ಎಲ್ಲಿ ಕೊರೆದರೂ ಒಂದಷ್ಟು ಕಡೆ ಯಾವುದೋ ಬಿರುಕು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದು ಊರೆಲ್ಲ ಹಬ್ಬುತ್ತದೆ, ಸಿಗದಿದ್ದನ್ನು ಮಣ್ಣು ಮುಚ್ಚುತ್ತಾರೆ. ಕಾಯಿ ಎದ್ದು ನಿಲ್ಲುವುದು ಕೈಯ ಸಣ್ಣ ಚಲನೆಯಿಂದ. ಹಿಡಿದವರಿಗೇ ಅದು ಗೊತ್ತಾಗಲ್ಲ, ಹಾಗಾಗಿ ಅವರು ಮೋಸ ಮಾಡುತ್ತಿದ್ದಾರೆ ಅನ್ನುವುದೂ ತಪ್ಪು.

ಜರ್ಮನಿಯ ಮ್ಯೂನಿಕ್ ಹತ್ತಿರ 1987-88ರಲ್ಲಿ ಹೀಗೆ ನೀರಿನ ಜಾಗ ಹೇಳುವವರನ್ನು ದೊಡ್ಡದಾಗಿ ಪರೀಕ್ಷಿಸಿದರು. ಕೆಳಗಡೆ ನೀರಿನ ಪೈಪನ್ನು ಜಾಗ ಬದಲಿಸಿ ಬದಲಿಸಿ ಇಟ್ಟು, ಮೇಲಿನ ಅಂತಸ್ತಿನಲ್ಲಿ ನಡೆದು ಹೇಳಿ ಅಂದರು. ಸುಮಾರು 500 ಜನರಲ್ಲಿ 43 ಮಂದಿಯನ್ನು ಆರಿಸಿ 843 ಸಲ ನೋಡಿದರು. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಅಂದರು. ಆಮೇಲೆ ಅದೇ ಅಂಕಿಗಳನ್ನು ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಕೆದಕಿ ನೋಡಿದರು, ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ಏನೂ ಹೆಚ್ಚಿಲ್ಲ ಅಂದರು.

ನಿಮ್ಮ ಹೊಲದಲ್ಲೇ ನೋಡಬಹುದು. ಕಾಯಿಯವರು ತೋರಿಸಿದ ಜಾಗದಲ್ಲಿ ಒಂದು ಬೋರ್, ಅವರು ಬೇಡವೇ ಬೇಡ ಅಂದ ಜಾಗದಲ್ಲಿ ಒಂದು ಬೋರ್. ಇಂಥ ಹತ್ತಾರು ಜೋಡಿ ಹೊಲ ಸಿಕ್ಕರೆ ನಿಜ ಗೊತ್ತಾಗುತ್ತದೆ.

ಶಿಡ್ಲಘಟ್ಟ ರೇಷ್ಮೆ:
ಬೇಡ ಅಂದ ಜಾಗದಲ್ಲಿ ಕೊರೆಯೋಕೆ ದುಡ್ಡು ಯಾರು ಕೊಡುತ್ತಾರೆ ಸಾರ್?

ನಂದಿ ತಪ್ಪಲು:
ಬ್ಯಾಂಕಂತೂ ಕೊಡಲ್ಲಪ್ಪ.

ಗೌರಿಬಿದನೂರು ಮೇಷ್ಟ್ರು:
ಸರಿ, ಖರ್ಚಿಲ್ಲದ ದಾರಿ. ಅವರು ಪಾಯಿಂಟ್ ತೋರಿಸಿದ ಕಡೆ ನೆಲದಲ್ಲಿ ಯಾರಿಗೂ ಕಾಣದ ಹಾಗೆ ಗುರುತು ಹೂತಿಡಿ. ಒಂದು ವಾರ ಬಿಟ್ಟು ಕಣ್ಣಿಗೆ ಬಟ್ಟೆ ಕಟ್ಟಿ, ನಾಲ್ಕು ಸುತ್ತು ತಿರುಗಿಸಿ, ಬೇರೆ ಮೂಲೆಯಿಂದ ಅದೇ ಹೊಲದಲ್ಲಿ ನಡೆಸಿ. ಕಾಯಿ ಅದೇ ಜಾಗದಲ್ಲಿ ಏಳಬೇಕು ತಾನೇ? ಒಂದು ಅಡಿಯೂ ಕೊರೆಯಬೇಕಿಲ್ಲ.

ಶಿಡ್ಲಘಟ್ಟ ರೇಷ್ಮೆ:
ಇದು ಆಗಬಹುದು ಸಾರ್. ಆದರೆ ನಮಗೆ ಪಾಯಿಂಟ್ ನೋಡೋರು ನಮ್ಮ ಸೋದರಮಾವನೇ. ಕಣ್ಣಿಗೆ ಬಟ್ಟೆ ಕಟ್ಟುತ್ತೀನಿ ಮಾವಾ ಅಂತ ನೀವೇ ಬಂದು ಹೇಳಬೇಕು. ಬಂದರೆ ಊಟ ನಮ್ಮ ಮನೆಯಲ್ಲೇ, ಮುದ್ದೆ ಬಸ್ಸಾರು.

ಬಾಗೇಪಲ್ಲಿ ಹುಡುಗ:
ನಾನೂ ಬರ್ತೀನಿ. ಬಟ್ಟೆ ನಾನು ತರ್ತೀನಿ.